ಸೆಕೆಂಡ್ ಹ್ಯಾಂಡ್ ಲಾರಿಯ ಕಾಗದಪತ್ರ: ಲೋಡು ಹೊರಡುವ ಮುನ್ನ ನೋಡಬೇಕಾದದ್ದು

ಪಾಂಡವಪುರದ ಅಣ್ಣನವರೇ, ಹೋದ ತಿಂಗಳು ಕೊಂಡ ಆರು ಚಕ್ರದ ಲಾರಿಯಲ್ಲಿ ಸಕ್ಕರೆ ಮೂಟೆ ತುಂಬಿಸಿ ಗುಂಡ್ಲುಪೇಟೆ ಮಾರ್ಗವಾಗಿ ಕೋಳಿಕ್ಕೋಡಿಗೆ ಕಳಿಸಲಿದ್ದೀರಿ. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದರೆ ಚಾಲಕನ ಹತ್ತಿರ ಏನೇನಿರಬೇಕು, ಎಲ್ಲವೂ ಫೋನಿನಲ್ಲಿದ್ದರೆ ಸಾಕೇ ಎಂದು ಕೇಳಿದ್ದೀರಿ. ಮಂಡ್ಯದ ಲಾರಿ ಆಫೀಸೊಂದರಲ್ಲಿ ಹನ್ನೊಂದು ವರ್ಷದಿಂದ ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ನಾನು ಕಂಡಂತೆ, ಕಾಗದ ಇಲ್ಲದೆ ನಿಂತ ಲಾರಿಗಳಿಗಿಂತ ಒಂದು ಕಾಗದ ಇನ್ನೊಂದಕ್ಕೆ ತಾಳೆಯಾಗದೆ ನಿಂತ ಲಾರಿಗಳೇ ಹೆಚ್ಚು.

ನಿಮ್ಮದು ಕೈ ಬದಲಾದ ಗಾಡಿಯಾದ್ದರಿಂದ ಮೊದಲು ಹೆಸರುಗಳನ್ನು ನೋಡಿ. ಕೊಂಡವರು 30 ದಿನದೊಳಗೆ ಆರ್‌ಸಿ (ನೋಂದಣಿ ಪತ್ರ) ವರ್ಗಾವಣೆಗೆ ಅರ್ಜಿ ಕೊಡಬೇಕು, ಇನ್ಶೂರೆನ್ಸ್ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ವಿಮಾ ಕಂಪನಿಗೆ ಬರೆಯಬೇಕು. ಪರ್ಮಿಟ್ ಮಾತ್ರ ಗಾಡಿಯ ಜೊತೆ ತಾನಾಗಿ ಬರುವುದಿಲ್ಲ. ಅದನ್ನು ಕೊಟ್ಟ ಪ್ರಾಧಿಕಾರದ ಅನುಮತಿ ಪಡೆದೇ ವರ್ಗಾಯಿಸಿಕೊಳ್ಳಬೇಕು. ಕೇರಳಕ್ಕೆ ಹೋಗುವುದರಿಂದ ನ್ಯಾಷನಲ್ ಪರ್ಮಿಟ್ಟಿನ ಅಧಿಕಾರಪತ್ರವೂ ಚಾಲ್ತಿಯಲ್ಲಿರಬೇಕು, ಅದು ಒಮ್ಮೆಗೆ ಒಂದು ವರ್ಷಕ್ಕಿಂತ ಹೆಚ್ಚಿಗೆ ಸಿಗುವುದಿಲ್ಲ. ಆರ್‌ಸಿ ನಿಮ್ಮ ಹೆಸರಿನಲ್ಲಿ, ಪರ್ಮಿಟ್ ಹಳೆಯ ಮಾಲೀಕರ ಹೆಸರಿನಲ್ಲಿ ಉಳಿದಿದ್ದರೆ ದಯವಿಟ್ಟು ಈ ಲೋಡು ಹೊರಡಿಸಬೇಡಿ.

ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವಾಗಿದೆ ಎಂಬ ಪತ್ರ, ಎಂಟು ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ ಆಗಬೇಕು. ಅದು ಮುಗಿದಿದ್ದರೆ ಮೋಟಾರು ವಾಹನ ಕಾಯಿದೆಯ ದೃಷ್ಟಿಯಲ್ಲಿ ಗಾಡಿಯ ನೋಂದಣಿಯೇ ಸಿಂಧುವಲ್ಲ ಎಂದಾಗುತ್ತದೆ. ರಸ್ತೆ ತೆರಿಗೆ ಮತ್ತು ಎಮಿಷನ್ ಚೀಟಿಯ ದಿನಾಂಕಗಳನ್ನೂ ಅದರ ಜೊತೆಗೇ ನೋಡಿಬಿಡಿ.

ಚಾಲಕನ ಡಿಎಲ್ ಕಾರ್ಡನ್ನು ನೀವೇ ಕೈಗೆ ತೆಗೆದುಕೊಂಡು ಓದಿ. ಅದರಲ್ಲಿ ಎರಡು ಮುಕ್ತಾಯ ದಿನಾಂಕಗಳಿರುತ್ತವೆ, ಒಂದು ಸ್ವಂತ ವಾಹನಕ್ಕೆ, ಇನ್ನೊಂದು ಟ್ರಾನ್ಸ್‌ಪೋರ್ಟ್ ವಾಹನಕ್ಕೆ. ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬಂದ ಒಬ್ಬ ಹುಡುಗ ದೂರದ ದಿನಾಂಕವನ್ನು ತೋರಿಸಿ ಇನ್ನೂ ಬಹಳ ವರ್ಷವಿದೆ ಎಂದಿದ್ದ, ಟ್ರಾನ್ಸ್‌ಪೋರ್ಟಿನ ಅವಧಿ ಮುಗಿದು ಐದು ತಿಂಗಳಾಗಿತ್ತು. 7,500 ಕಿಲೋವರೆಗಿನ ಸರಕು ಗಾಡಿಯನ್ನು ಎಲ್‌ಎಂವಿ (ಹಗುರ ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿರುವುದು ನಿಜ, ಆದರೆ ನಿಮ್ಮ ಲಾರಿ ಆ ತೂಕವನ್ನು ಮೀರಿದ್ದು.

ಫೋನಿನ ಮಾತಿಗೆ ಬಂದರೆ, ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸುವ ದಾಖಲೆಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ ಒಪ್ಪುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊಗೆ ಆ ಬೆಲೆಯಿಲ್ಲ. ಮಾಲೀಕರ ಡಿಜಿಲಾಕರ್ ಇರುವುದು ಮಾಲೀಕರ ಫೋನಿನಲ್ಲಿ, ಗಾಡಿ ಇರುವುದು ಕಾಡಿನ ರಸ್ತೆಯಲ್ಲಿ. ಅಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಚಾಲಕ ಏನು ತೋರಿಸಬೇಕು? ಅದಕ್ಕಾಗಿ ನಾನು ಎಲ್ಲವನ್ನೂ ಪ್ಲಾಸ್ಟಿಕ್ ಪುಟಗಳ ಫೈಲಿನಲ್ಲಿ ಇಟ್ಟೇ ಕಳಿಸುತ್ತೇನೆ. ಗಾಡಿಯ ಕಾಗದ ಒಂದು ಫೈಲಿನಲ್ಲಿ, ಲೋಡಿನ ಕಾಗದ ಇನ್ನೊಂದರಲ್ಲಿ ಇರಲಿ.

ತೂಕದ ಲೆಕ್ಕವನ್ನು ಮೂಟೆ ಏರಿಸುವ ಮೊದಲೇ ಮಾಡಬೇಕು. ಆರ್‌ಸಿಯಲ್ಲಿ ಒಟ್ಟು ತೂಕ 16,200 ಕಿಲೋ, ಖಾಲಿ ತೂಕ 6,400 ಕಿಲೋ ಎಂದಿದ್ದರೆ ಹೊರಬಹುದಾದದ್ದು 9,800 ಕಿಲೋ ಮಾತ್ರ, ಐವತ್ತು ಕಿಲೋದ ಇನ್ನೂರು ಮೂಟೆ ಹಾಕಿದರೆ ಆಗಲೇ ಮೀರಿತು. ಈಗಿನ ಎರಡು ಆಕ್ಸಲ್ ಲಾರಿಗೆ 18,500 ಕಿಲೋವರೆಗೆ ಮಿತಿಯಿದೆ ಎಂದು ಯಾರಾದರೂ ಹೇಳಿದರೂ, ನಿಮ್ಮ ಆರ್‌ಸಿಯಲ್ಲಿ ಬರೆದಿರುವುದೇ ನಿಮಗೆ ಲೆಕ್ಕ. ಹೆಚ್ಚು ತೂಕಕ್ಕೆ ಕಾಯಿದೆಯ 194ನೇ ಕಲಮು 20,000 ರೂಪಾಯಿ ದಂಡವನ್ನೂ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಹೇಳುತ್ತದೆ, ಹೆಚ್ಚಿನ ಮಾಲು ಇಳಿಸುವ ಖರ್ಚು ಬೇರೆ. ಲೋಡಾದ ಮೇಲಿನ ತೂಕದ ಚೀಟಿಯನ್ನು ಬಿಲ್ಲಿನ ಜೊತೆ ಪಿನ್ ಮಾಡಿ.

ಇನ್ನು ಲೋಡಿನ ಫೈಲು. ಇನ್‌ವಾಯ್ಸಿನಲ್ಲಿ ಸಾಗಣೆದಾರರಿಗೆಂದು ಇರುವ ಪ್ರತಿ, ಎಲ್‌ಆರ್ (ಲಾರಿ ಆಫೀಸು ಕೊಡುವ ಸರಕಿನ ರಸೀದಿ), ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನಿನಲ್ಲಿ ಮಾಡುವ ಬಿಲ್ಲು) ಈ ಮೂರೂ ಬೇಕು. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಕಡ್ಡಾಯ. ಎಳನೀರಿನಂಥ ತೆರಿಗೆಯಿಲ್ಲದ ಮಾಲಿಗೆ ಅದು ಬೇಕಾಗಿಲ್ಲ, ಆದರೂ ಯಾರಿಂದ ಯಾರಿಗೆ ಎಂದು ಬರೆದ ಬಿಲ್ಲು ಜೊತೆಗಿರಲಿ. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಸಿಗುತ್ತದೆ. ಕೋಳಿಕ್ಕೋಡು ಅದನ್ನು ಮೀರುವುದರಿಂದ ನಿಮಗೆ ಎರಡು ದಿನ, ಅಂದರೆ ಸೋಮವಾರ ಸಂಜೆ ಮಾಡಿದ ಬಿಲ್ಲು ಬುಧವಾರ ರಾತ್ರಿ ಹನ್ನೆರಡರವರೆಗೆ ನಡೆಯುತ್ತದೆ. ಗಾಡಿ ತಡವಾದರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು.

ಎರಡು ವರ್ಷದ ಹಿಂದೆ ನಮ್ಮ ಒಂದು ಲಾರಿಯ ಆಕ್ಸಲ್ ನಂಜನಗೂಡಿನ ಬಳಿ ಮುರಿಯಿತು. ಮಾಲನ್ನು ಬೇರೆ ಗಾಡಿಗೆ ಬದಲಾಯಿಸಿ ಕಳಿಸಿದೆವು, ಆದರೆ ಇ-ವೇ ಬಿಲ್ಲಿನಲ್ಲಿ ಗಾಡಿಯ ವಿವರ ಬರೆಯುವ ಬಿ ಭಾಗದಲ್ಲಿ ಹೊಸ ಗಾಡಿಯ ನಂಬರ್ ಹಾಕುವುದು ಆ ಗಡಿಬಿಡಿಯಲ್ಲಿ ಉಳಿದುಹೋಯಿತು. ಗುಂಡ್ಲುಪೇಟೆಯ ಹತ್ತಿರ ತಡೆದಾಗ ಚಾಲಕನ ಕೈಯಲ್ಲಿದ್ದ ಕಾಗದದಲ್ಲಿ ಒಂದು ನಂಬರ್, ಅವನು ಕೂತ ಗಾಡಿಯ ಮೇಲೆ ಇನ್ನೊಂದು. ತಪ್ಪು ನಮ್ಮ ಆಫೀಸಿನದೇ ಆಗಿತ್ತು, ಅನುಭವಿಸಿದ್ದು ಮಾತ್ರ ಆ ಚಾಲಕ, ಮರುದಿನ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದ. ಇಂಥ ತಪ್ಪಿಗೆ ಸರಕಿನ ಮಾಲೀಕರು ಮುಂದೆ ಬಂದರೂ ತೆರಿಗೆಯ ಎರಡರಷ್ಟು ದಂಡ ಬೀಳಬಹುದು. ಗಾಡಿಯ ನಂಬರಿನಲ್ಲಿ ಒಂದೆರಡು ಅಂಕಿ ಮಾತ್ರ ತಪ್ಪಿದ್ದರೆ ಅದು ಬೇರೆ ಮಾತು: 2018ರ ಸೆಪ್ಟೆಂಬರಿನ ಜಿಎಸ್‌ಟಿ ಸುತ್ತೋಲೆಯಂತೆ ಒಟ್ಟು 1,000 ರೂಪಾಯಿಗೆ ಮುಗಿಯಬೇಕು. ಆ ಸುತ್ತೋಲೆಯ ಪ್ರತಿಯೊಂದು ನಮ್ಮ ಪ್ರತಿ ಫೈಲಿನ ಕೊನೆಯಲ್ಲಿದೆ.

ನಿಮ್ಮ ದಾರಿಯಲ್ಲಿ ಸಿಗುವ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದನ್ನು ಲೆಕ್ಕಕ್ಕೆ ಹಿಡಿದೇ ಇ-ವೇ ಬಿಲ್ಲಿನ ಸಮಯ ಹೊಂದಿಸಿ.

ಕಡೆಯದಾಗಿ ಚಾಲಕನ ವಿಷಯ. ಫೈಲನ್ನು ಸೀಟಿನಡಿ ಹಾಕಿ ಕಳಿಸದೆ, ಹೊರಡುವ ಮುನ್ನ ಅವನ ಕೈಯಿಂದಲೇ ಒಂದೊಂದು ಪುಟ ತೆಗೆಸಿ, ಯಾವುದು ಏನು ಎಂದು ಹೇಳಿಸಿ. ಅಧಿಕಾರಿಗಳು ಡಿಎಲ್ ತೆಗೆದಿಟ್ಟುಕೊಂಡರೆ ಬದಲಿಗೆ ರಸೀದಿ ಕೊಡಲೇಬೇಕು, ಅದನ್ನು ಕೇಳಿ ಪಡೆಯುವಂತೆ ತಿಳಿಸಿ. ಬರಹ ಓದದೆ ಯಾವುದಕ್ಕೂ ಸಹಿ ಹಾಕುವುದು ಬೇಡ, ಮೊದಲು ನಿಮಗೆ ಫೋನ್ ಮಾಡಲಿ. ಪರ್ಮಿಟ್ ವರ್ಗಾವಣೆ ಎಲ್ಲಿಗೆ ಬಂದಿದೆ ಎಂದು ಇಲ್ಲಿ ತಿಳಿಸಿ, ಅದರ ಅರ್ಜಿಗೆ ಏನೇನು ಬೇಕೆಂದು ಬರೆಯುತ್ತೇನೆ.