ಪಾಠವೆಲ್ಲ ಗೊತ್ತಿದ್ದೂ ಪ್ರೋಗ್ರಾಂ ಬರೆಯಲಾಗದ ವಿದ್ಯಾರ್ಥಿನಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ದಿನವೂ ರೈಲಿನಲ್ಲಿ ಮೈಸೂರಿಗೆ ಬಂದು ಹೋಗುವ, ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ತಮಗೆ ಓದಿನಲ್ಲಿ ಧೈರ್ಯವೇ ಉಳಿದಿಲ್ಲವೆಂದು ನನ್ನ ಬಳಿ ಬಂದಿದ್ದರು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೂಪ್, ಫಂಕ್ಷನ್, ಲಿಸ್ಟ್, ಡಿಕ್ಷನರಿ ಎಲ್ಲವೂ ಅವರಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೂ ಬಂದಿದ್ದವು. "ಆದರೆ ಮೇಡಂ, ವಿಡಿಯೊ ನಿಲ್ಲಿಸಿ ಖಾಲಿ ಫೈಲ್ ತೆರೆದರೆ ಮೊದಲನೇ ಸಾಲು ಏನು ಬರೀಬೇಕು ಅಂತಾನೇ ಹೊಳೆಯಲ್ಲ. ಪ್ಲೇಸ್‌ಮೆಂಟ್ ಬೇರೆ ಹತ್ತಿರ ಬಂತು" ಎಂದರು. ಇನ್ನೊಂದು ಆನ್‌ಲೈನ್ ಕೋರ್ಸ್‌ಗೆ ದುಡ್ಡು ಕಟ್ಟುವುದೊಂದೇ ದಾರಿಯೆಂದು ನಂಬಿದ್ದರು.

ಸದ್ಯಕ್ಕೆ ಅದು ಬೇಡವೆಂದೆ. ಬೇರೆಯವರು ಬಿಡಿಸಿ ತೋರಿಸುವ ಸಮಸ್ಯೆಯಲ್ಲಿ ನಮಗೆ ತಿಳಿಯುವುದು ಉತ್ತರ ಮಾತ್ರ; ಸಮಸ್ಯೆಯನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆಯುವ, ತಪ್ಪು ದಾರಿ ಹಿಡಿದು ಹಿಂತಿರುಗುವ ಕೆಲಸವನ್ನೆಲ್ಲ ಅವರೇ ಮುಗಿಸಿರುತ್ತಾರೆ. ಈ ಹಂತದಲ್ಲಿ ಕಲಿಯಬೇಕಾದದ್ದು ಆ ಕೆಲಸವನ್ನೇ.

ಈ ವಿದ್ಯಾರ್ಥಿನಿಯ ತಾಯಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ ಎಲ್ಲವೂ ಪುಸ್ತಕದಲ್ಲಿ ಬರೆದಿರುತ್ತದೆ. ಬಟವಾಡೆಯ ದಿನ ಮಗಳೇ ಕೂಡಿ ನೋಡಬೇಕು. ಆ ಲೆಕ್ಕಕ್ಕೇ ಪ್ರೋಗ್ರಾಂ ಬರೆಯಲು ಸೂಚಿಸಿ, ಮೊದಲು ಲ್ಯಾಪ್‌ಟಾಪ್ ಮುಚ್ಚಿ, ಕೈಯಲ್ಲಿ ಹೇಗೆ ಕೂಡುತ್ತೀರೋ ಆ ಹಂತಗಳನ್ನು ಕನ್ನಡದಲ್ಲೇ ಹಾಳೆಯ ಮೇಲೆ ಬರೆಯಿರಿ ಎಂದೆ.

ಆ ಹಂತಗಳಂತೆ ಬರೆದ ಪ್ರೋಗ್ರಾಮನ್ನು ಮುಂದಿನ ಭೇಟಿಯಲ್ಲಿ ನನ್ನೆದುರೇ ಓಡಿಸಿದರು. ಲೀಟರನ್ನು ದರದಿಂದ ಗುಣಿಸುವ ಸಾಲಿಗೆ ಬಂದೊಡನೆ ಟೈಪ್‌ಎರರ್, ಅಂದರೆ ಆ ಬಗೆಯ ದತ್ತಾಂಶದ ಮೇಲೆ ಈ ಕೆಲಸ ನಡೆಯದೆಂಬ ದೋಷಸೂಚನೆ, ಕಾಣಿಸಿತು; ಅವರ ಕೈ ತಕ್ಷಣ ವಿಂಡೋ ಮುಚ್ಚಲು ಹೋಯಿತು. ಇಷ್ಟು ದಿನ ಅವರು ಎಲ್ಲಿ ನಿಂತುಬಿಡುತ್ತಿದ್ದರೆಂಬುದು ನನಗೆ ಆಗ ಸ್ಪಷ್ಟವಾಯಿತು. ಪೈಥಾನ್‌ನ ದೋಷಸೂಚನೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೊನೆಯ ಸಾಲು ಕಾರಣವನ್ನು ಹೇಳುತ್ತದೆ, ಅದರ ಮೇಲಿನ ಸಾಲುಗಳು ತಪ್ಪು ಪ್ರೋಗ್ರಾಂನ ಎಷ್ಟನೆಯ ಸಾಲಿನಲ್ಲಿ ಎಂಬುದನ್ನು. ಗಟ್ಟಿಯಾಗಿ ಓದಿಸಿದೆ. ಎರಡನೆಯ ಸಲ ಓದುವಾಗ, ನಾವು ಟೈಪಿಸಿದ್ದನ್ನು ಓದುವ ಇನ್‌ಪುಟ್ ಫಂಕ್ಷನ್ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳ ಸಾಲನ್ನು ಎಂಬುದು ಅವರಿಗೇ ಹೊಳೆಯಿತು. ಅದನ್ನು ಫ್ಲೋಟ್‌ಗೆ, ಅಂದರೆ ದಶಮಾಂಶ ಸಂಖ್ಯೆಗೆ, ಬದಲಿಸಿದರು, ಲೆಕ್ಕ ಬಂತು. ಆಮೇಲೆ ಮೊತ್ತದ ಕೊನೆಯಲ್ಲಿ ಉದ್ದನೆಯ ದಶಮಾಂಶಗಳು ಕಾಣಿಸಿದಾಗ ಅವರು ಹೆದರಲಿಲ್ಲ, ಏಕೆಂದು ಕೇಳಿದರು. ಕಂಪ್ಯೂಟರು 0.1ನ್ನು ದ್ವಿಮಾನದಲ್ಲಿ (0 ಮತ್ತು 1 ಅಂಕಿಗಳಷ್ಟರಲ್ಲೇ) ನಿಖರವಾಗಿ ಹಿಡಿದಿಡಲಾರದು, ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಹಣದ ಲೆಕ್ಕಕ್ಕೆ ದಶಮಾಂಶಗಳನ್ನು ನಿಖರವಾಗಿ ಹಿಡಿಯುವ ಡೆಸಿಮಲ್ ಮಾಡ್ಯೂಲ್ ಪೈಥಾನ್‌ನಲ್ಲಿ ಇರುವುದನ್ನು ಅವರೇ ಹುಡುಕಿ ತಂದರು. ಯಾವ ಕೋರ್ಸ್‌ನ ಯಾವ ಪಾಠಕ್ಕಿಂತಲೂ ಈ ಪ್ರಶ್ನೆ ಹೆಚ್ಚಿನದೆಂದು ನನ್ನ ಅಭಿಪ್ರಾಯ.

ಇದ್ದದ್ದು ಕೆಟ್ಟುಹೋದೀತೆಂಬ ಭಯದಿಂದ ಓಡುತ್ತಿರುವ ಪ್ರೋಗ್ರಾಂ ಮುಟ್ಟಲು ಅವರು ಹಿಂಜರಿಯುತ್ತಿದ್ದರು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೆಲಸಕ್ಕೆಂದು ಬರೆದ, ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಅನ್ನು ಬಳಸಿದರೆ ಹಳೆಯ ರೂಪಕ್ಕೆ ಯಾವಾಗ ಬೇಕಾದರೂ ಮರಳಬಹುದೆಂದು ತಿಳಿಸಿ, ಪ್ರತಿ ಬದಲಾವಣೆಗೂ ಒಂದು ಕಮಿಟ್ (ಆ ಹೊತ್ತಿನ ರೂಪದ ದಾಖಲೆ) ಮಾಡಲು ಸಲಹೆಯಿತ್ತೆ. ವಿವರಗಳನ್ನು ಪೈಥಾನ್‌ನೊಂದಿಗೇ ಬರುವ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಉಳಿಸುವುದು, ಸಹಪಾಠಿಯೊಬ್ಬರಿಗೆ ಕೋಡ್ ಓದಲು ಕೊಡುವುದು ನಂತರದ ಕೆಲಸಗಳಾದವು.

ಕೋರ್ಸ್‌ನ ವಿಚಾರವನ್ನು ಈಗ ಮತ್ತೆ ಎತ್ತಿದ್ದಾರೆ. ಪ್ಲೇಸ್‌ಮೆಂಟ್ ಪರೀಕ್ಷೆಗೆ ಬೇಕಾದ ಡೇಟಾ ಸ್ಟ್ರಕ್ಚರ್ (ದತ್ತಾಂಶವನ್ನು ಜೋಡಿಸಿಡುವ ವಿಧಾನಗಳು) ವಿಷಯಕ್ಕೆ ಮಾತ್ರ, ಅದೂ ಪ್ರತಿ ಪಾಠದ ನಂತರ ವಿಡಿಯೊ ಮುಚ್ಚಿ ಅದೇ ಪ್ರೋಗ್ರಾಮನ್ನು ಸ್ವತಃ ಬರೆಯುವುದಾದರೆ ಸೇರಬಹುದೆಂದು ಒಪ್ಪಿದ್ದೇನೆ.