ಹುಬ್ಬಳ್ಳಿ ಎಷ್ಟನೇದು?

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ, ಹುಬ್ಬಳ್ಳಿಯಲ್ಲೇ ಕಾಲೇಜು ಸೇರುತ್ತೇನೆ ಅಂತಾಳೆ. 2024ರ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಒಂದರ ಹಿಂದೆ ಒಂದು ಇಬ್ಬರು ಯುವತಿಯರ ಕೊಲೆ ಆಯ್ತಲ್ಲ, ಅವತ್ತಿನಿಂದ ಅವಳ ತಾಯಿಗೆ ಧೈರ್ಯವೇ ಇಲ್ಲ. ಮೊಬೈಲಿನಲ್ಲಿ ಜಗತ್ತಿನ ಅಪಾಯದ ನಗರಗಳ ಪಟ್ಟಿ ಬರುತ್ತವೆ. ನಂಬಬಹುದಾ? ಹುಬ್ಬಳ್ಳಿ ಅದರಲ್ಲಿ ಎಷ್ಟನೇದು?
— ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಆ ಎರಡು ಸಾವು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಪಟ್ಟಿ ನೋಡಿ ಮಗಳ ಓದು ನಿರ್ಧರಿಸಬೇಡಿ.

ಜಾಸ್ತಿ ಓಡಾಡುವುದು ನಂಬಿಯೋ (Numbeo) ಅನ್ನುವ ಜಾಲತಾಣದ ಪಟ್ಟಿ. ಅಲ್ಲಿಗೆ ಬಂದವರನ್ನು ನಿಮ್ಮೂರಲ್ಲಿ ರಾತ್ರಿ ಒಬ್ಬರೇ ನಡೆಯಲು ಭಯವಾ ಅಂತೆಲ್ಲ ಕೇಳಿ, ಬಂದ ಉತ್ತರ ಕೂಡಿಸಿ ಅಂಕಿ ಕೊಡುತ್ತಾರೆ, ಅಷ್ಟೇ. ಊರೂರು ಹೋಲಿಸಬೇಕು ಅಂದರೆ ಲಕ್ಷ ಜನಕ್ಕೆ ಎಷ್ಟು ಕೊಲೆ ಅಂತ ನೋಡಬೇಕು. ಹೆಣ ಮುಚ್ಚಿಡುವುದು ಕಷ್ಟ, ಉಳಿದ ಅಪರಾಧ ಮುಚ್ಚಿಹೋಗುತ್ತವೆ. ನಮ್ಮ ಓಣಿಯ ಕಾಕು ಒಬ್ಬರ ಸರವನ್ನು ಬೈಕಿನವರು ಕಿತ್ತುಕೊಂಡು ಹೋದರು. ಕತ್ತಿನ ಮೇಲೆ ಬೆರಳುದ್ದ ಕೆಂಪು ಬರೆ. ಠಾಣೆಯಲ್ಲಿ ಎರಡು ತಾಸು ಕೂತರು, ಪೊಲೀಸರು ‘ನಾಳೆ ಬರ್ರಿ’ ಅಂದರು, ಬರೆ ಮಾಸುವ ಹೊತ್ತಿಗೆ ಕಾಕುವಿನ ಹಟವೂ ಮಾಸಿತು. ಆ ಸರಗಳ್ಳತನ ಯಾವ ಲೆಕ್ಕದಲ್ಲೂ ಇಲ್ಲ. ದೂರು ಬರೆದುಕೊಳ್ಳುವ ಊರೇ ಕೆಟ್ಟದ್ದು ಅನ್ನಿಸಿಕೊಳ್ಳುತ್ತದೆ, ಇದು ನನಗೆ ತುಂಬಾ ಬೇಸರದ ವಿಷಯ. ಎಣಿಸುವ ರೀತಿಯೂ ಬೇರೆ ಬೇರೆ. ಒಬ್ಬಳ ಮೇಲೆ ಹತ್ತು ಸಲ ಅತ್ಯಾಚಾರ ಆಗಿದ್ದರೆ ಸ್ವೀಡನ್ನಿನಲ್ಲಿ ಹತ್ತು ಅಂತಲೇ ಬರೆಯುತ್ತಾರೆ. ನಮ್ಮ ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ದೊಡ್ಡದೊಂದನ್ನೇ ಹಿಡಿಯುತ್ತದೆ.

ಕೊಲೆಯ ಲೆಕ್ಕಕ್ಕೂ ಊರಿನ ಗಡಿ ಅಡ್ಡ ಬರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2020ರಲ್ಲಿ 263 ಕೊಲೆ, ಜನ ಸುಮಾರು 3 ಲಕ್ಷ, ಅಂದರೆ ಲಕ್ಷಕ್ಕೆ 87. ಭಯಂಕರ ಅಲ್ವಾ? ಆದರೆ 1876ರಲ್ಲೇ ಆ ನಗರ ಸುತ್ತಲಿನ ಕೌಂಟಿಯಿಂದ (ನಮ್ಮ ಜಿಲ್ಲೆ ಇದ್ದ ಹಾಗೆ) ಬೇರೆಯಾಗಿದೆ, ಆಮೇಲೆ ಹೊರಗೆ ಬೆಳೆದ ಬಡಾವಣೆಗಳು ಲೆಕ್ಕಕ್ಕೇ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ದುರ್ಗದ ಬೈಲಿನ ಸುತ್ತಮುತ್ತ ಮಾತ್ರ ಎಣಿಸಿ ವಿದ್ಯಾನಗರ, ನವನಗರ, ಧಾರವಾಡ ಎಲ್ಲ ಬಿಟ್ಟ ಹಾಗೆ. ವರ್ಷವನ್ನೂ ನೋಡಿ, ನ್ಯೂಯಾರ್ಕಿನಲ್ಲಿ 1990ರಲ್ಲಿ 2,245 ಕೊಲೆ ಆಗಿದ್ದವು, 2017ರಲ್ಲಿ 292.

ಭಾರತದಲ್ಲಿ 2022ರ ಲೆಕ್ಕ ಲಕ್ಷಕ್ಕೆ ಸುಮಾರು 2 ಕೊಲೆ, 2021ರಲ್ಲಿ ಜಗತ್ತಿನದು 5.8. ಎನ್‌ಸಿಆರ್‌ಬಿಯ ಮಹಾನಗರಗಳ ಪಟ್ಟಿಗೆ 20 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ 9.43 ಲಕ್ಷ, ಹಾಗಾಗಿ ಆ ಪಟ್ಟಿಯಲ್ಲಿ ನಮ್ಮೂರು ಇಲ್ಲವೇ ಇಲ್ಲ.

ನೀವು ನೋಡಬೇಕಾದ ಅಂಕಿ ಬೇರೆ ಇದೆ. 2022ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 55 ಮಂದಿಯನ್ನು ಕೊಂದವರು ಸಂಗಾತಿ ಅಥವಾ ಮನೆಯವರು ಅಂತ ವಿಶ್ವಸಂಸ್ಥೆ ಹೇಳಿದೆ. ಕತ್ತಲ ರಸ್ತೆಗಿಂತ ಗುರುತಿನವರ ಕಾಟದ ಬಗ್ಗೆ ಮಗಳ ಜೊತೆ ಮಾತಾಡಿ. ಯಾರಾದರೂ ಹಿಂದೆ ಬಿದ್ದರೆ 112ಕ್ಕೆ ಫೋನ್ ಮಾಡಬಹುದು, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ‘ಇದು ನಮ್ಮ ಹದ್ದಲ್ಲ’ ಅಂತ ಕಳಿಸುವ ಹಾಗಿಲ್ಲ. ಅದಕ್ಕಿಂತ ಮೊದಲು, ‘ಒಬ್ಬ ಕಾಡ್ತಿದ್ದಾನೆ ಅಪ್ಪಾ’ ಅಂತ ಅವಳು ಹೇಳಿದರೆ ಬೈಯುವುದಿಲ್ಲ, ಕಾಲೇಜು ಬಿಡಿಸುವುದಿಲ್ಲ ಅಂತ ಇವತ್ತೇ ಅವಳಿಗೆ ಮಾತು ಕೊಡಿ.