ಎಕ್ಸೆಲ್‌ನಲ್ಲಿ ಆಯ್ಕೆ ಅರ್ಧಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ಡೇರಿಯ ಹಾಲಿನ ಲೆಕ್ಕ ಎಕ್ಸೆಲ್‌ನಲ್ಲಿದೆ, 2000 ಸಾಲು. ಮೌಸ್ ಒತ್ತಿ ಎಳೆದರೆ ಪರದೆ ಸರ್ರನೆ ಓಡಿ ಗುರಿ ದಾಟಿಬಿಡುತ್ತದೆ. ಕಂಟ್ರೋಲ್, ಶಿಫ್ಟ್ ಹಿಡಿದು ಕೆಳಬಾಣ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ಅಡ್ಡಿ ಖಾಲಿ ಸೆಲ್‌ನದು. ಯಾರೋ ಹಾಲು ಹಾಕದ ದಿನ ಲೀಟರ್ ಕಾಲಂ ಖಾಲಿ ಬಿಟ್ಟಿದ್ದರೆ, ಆಯ್ಕೆ ಅದರ ಮೇಲಿನ ಸೆಲ್‌ನಲ್ಲೇ ನಿಲ್ಲುತ್ತದೆ. ಹಾಗೆಂದು ಅಲ್ಲಿ ಸೊನ್ನೆ ತುಂಬಬೇಡಿ. ಸರಾಸರಿ ಸೂತ್ರ ಖಾಲಿ ಸೆಲ್ಲನ್ನು ಎಣಿಸುವುದಿಲ್ಲ, ಸೊನ್ನೆಯನ್ನು ಎಣಿಸುತ್ತದೆ, ಹಾಗಾಗಿ ಲೆಕ್ಕ ಕೆಡುತ್ತದೆ.

ಮೊದಲ ಸೆಲ್ ಕ್ಲಿಕ್ ಮಾಡಿ, ಮೌಸ್‌ನ ಚಕ್ರ ತಿರುಗಿಸಿ ಕೊನೆಯ ಸಾಲಿಗೆ ಹೋಗಿ, ಶಿಫ್ಟ್ ಹಿಡಿದು ಕೊನೆಯ ಸೆಲ್ ಕ್ಲಿಕ್ ಮಾಡಿ. ನಡುವೆ ಬೇರೆಲ್ಲೂ ಕ್ಲಿಕ್ ಆಗಬಾರದು, ಹಾಗೇನಾದರೂ ಆಗಿಬಿಟ್ಟರೆ ಆರಂಭದ ಸೆಲ್ ಬದಲಾಗುತ್ತದೆ.

ನಮಗೆ ಇದಕ್ಕಿಂತ ಮೆಚ್ಚುಗೆಯಾದದ್ದು ಹೆಸರಿನ ಪೆಟ್ಟಿಗೆ. ಸೂತ್ರದ ಪಟ್ಟಿಯ ಎಡಕ್ಕೆ ಸೆಲ್‌ನ ವಿಳಾಸ ಕಾಣುವ ಜಾಗವದು. ಅಲ್ಲಿ ಎ2:ಎಫ್2001 ಎಂದು (ಅಕ್ಷರಗಳು ಇಂಗ್ಲಿಷಿನವು) ಬರೆದು ಎಂಟರ್ ಒತ್ತಿ. ಖಾಲಿ ಸೆಲ್ ಎಷ್ಟಿದ್ದರೂ 2000 ಸಾಲೂ ಆಯ್ಕೆಯಾಗುತ್ತವೆ.

ಬಾಣದ ಕೀಲಿ ಒತ್ತಿದಾಗ ಸೆಲ್ ಬದಲು ಹಾಳೆಯೇ ಜರುಗಿದರೆ ಸ್ಕ್ರಾಲ್ ಲಾಕ್ ಆಫ್ ಮಾಡಿ.